ಮಾಸ್‌ಫಿಲ್ಮ್ ಸಂಸ್ಥೆಯ ಲಾಂಛನ

ನಾಟಕಕ್ಕೆ ನಾಂದಿಯಿರುವಂತೆ ಚಲಚ್ಚಿತ್ರದ ಮೊದಲಲ್ಲಿ ಅದನ್ನು ನಿರ್ಮಿಸಿದ ಸಂಸ್ಥೆಯ ಲಾಂಛನವು ತೋರುವುದು ರೂಢಿ. ಮಾಸ್ಕೋ ನಗರದ ಮಾಸ್‌ಫಿಲ್ಮ್ ಸಂಸ್ಥೆಯ ಚಿತ್ರಗಳ ಆರಂಭದಲ್ಲಿ ಕಾರ್ಮಿಕನೊಬ್ಬನೂ ರೈತ ಹೆಂಗಸೊಬ್ಬಳೂ ಸುತ್ತಿಗೆ ಕುಡುಗೋಲುಗಳನ್ನು ಮೇಲೆತ್ತಿ, ಮುನ್ನಡೆಯುವ ಭಂಗಿಯಲ್ಲಿ ಮೆಲ್ಲನೆ ತಿರುಗುವರು. ಜೊತೆಯಲ್ಲಿ ಕ್ರೆಮ್ಲಿನ್ ಕೋಟೆಯ ಸ್ಪಾಸ್ಕಾಯಾ ಗೋಪುರವು ಕಾಣುವುದು. ಈ ಪ್ರತಿಮೆಯು ಕೋಟೆಯ ಬಳಿಯಲ್ಲಿಯೇ ಇರುವುದೆಂದು ನೋಡಿದವರು ಭಾವಿಸುವುದು ಸಹಜ. ವಸ್ತುಸ್ಥಿತಿಯು ಬೇರೆ.

ಈ ಪ್ರತಿಮೆಯು ಮಾಸ್ಕೋವಿಗಾಗಿ ನಿರ್ಮಿತವಾದುದೇ ಅಲ್ಲ. 1937ನೆಯ ಇಸವಿಯಲ್ಲಿ ಪ್ಯಾರಿಸ್ ನಗರದಲ್ಲಿ ನಡೆದ ಅಂತಾರಾಷ್ಟ್ರೀಯ ವಸ್ತುಪ್ರದರ್ಶನಕ್ಕಾಗಿ ಬೊರೀಸ್ ಇಯೊಫಾನನೆಂಬ ವಾಸ್ತುಶಿಲ್ಪಿಯು ಸೋವಿಯತ್ ಮಂಟಪವನ್ನು ಕಲ್ಪಿಸಿದನು. ಅದರ ಶಿಖರದ ಮೇಲೆ ಜೋಡಿ ಪ್ರತಿಮೆಯೊಂದು ನಿಲ್ಲಬೇಕೆಂಬ ಯೋಚನೆಯೂ ಅವನದೇ. ಶಿಲ್ಪಿಗಳೊಳಗೆ ಏರ್ಪಟ್ಟ ಸ್ಪರ್ಧೆಯಲ್ಲಿ ವೇರಾ ಮುಖಿನಾ (1889–1953) ಎಂಬ ಮಹಿಳೆಯ ಮಾದರಿಯು ಅಂಗೀಕೃತವಾಯಿತು. ತುಕ್ಕು ಹಿಡಿಯದ ಉಕ್ಕಿನ ತಗಡುಗಳನ್ನು ಬೆಸೆದು ರಚಿಸಿದ ಈ ಪ್ರತಿಮೆಯ ಎತ್ತರವು ಸುಮಾರು 24 ಮೀಟರು. ಅದನ್ನು ಬಿಡಿಭಾಗಗಳಾಗಿ ರೈಲಿನಲ್ಲಿ ಸಾಗಿಸಿ ಪ್ಯಾರಿಸಿನಲ್ಲಿ ಜೋಡಿಸಿದರು. ಎದುರಿಗೆ ಆಲ್ಬರ್ಟ್ ಸ್ಪೇರನು ರಚಿಸಿದ ಜರ್ಮನ್ ಮಂಟಪವು ಹದ್ದನ್ನು ಹೊತ್ತು ನಿಂತಿದ್ದಿತು.

ಪ್ರದರ್ಶನವು ಮುಗಿದ ಬಳಿಕ ಪ್ರತಿಮೆಯು ಸ್ವದೇಶಕ್ಕೆ ಮರಳಿತು. 1939ರಲ್ಲಿ ಅದನ್ನು ಮಾಸ್ಕೋವಿನ ಉತ್ತರಭಾಗದಲ್ಲಿದ್ದ ಕೃಷಿಪ್ರದರ್ಶನದ ದ್ವಾರದ ಬಳಿ ಸ್ಥಾಪಿಸಿದರು. ಪ್ಯಾರಿಸಿನಲ್ಲಿ ಮೂವತ್ತು ಮೀಟರಿಗೂ ಮಿಕ್ಕ ಉನ್ನತಿಯಲ್ಲಿದ್ದುದಕ್ಕೆ ಇಲ್ಲಿ ದೊರೆತ ಪೀಠವು ಸುಮಾರು ಹತ್ತು ಮೀಟರಿನದು. ಮುಖಿನಾಳು ಇದನ್ನು ಸಹಿಸದೆ, ಆ ಪೀಠವನ್ನು ಮರದ ಮೋಟೆಂದು ಹಳಿದಳು. ಅವಳ ಆಕ್ಷೇಪಣೆಯು ಅವಳ ಜೀವಿತಕಾಲದಲ್ಲಿ ಫಲಿಸಲಿಲ್ಲ.

ಚಲಚ್ಚಿತ್ರವು ಪ್ರತಿಮೆಯ ಚರಿತ್ರೆಯನ್ನು ಪ್ರವೇಶಿಸುವುದು ಈ ಸಂದರ್ಭದಲ್ಲಿ. 1947ರಲ್ಲಿ ಗ್ರಿಗೋರಿ ಅಲೆಕ್ಸಾಂಡ್ರೊವನ 'ವೆಸ್ನಾ', ಎಂದರೆ 'ವಸಂತ', ಎಂಬ ಚಿತ್ರದಲ್ಲಿ ಈ ಲಾಂಛನವು ಮೊದಲು ಕಾಣಿಸಿಕೊಂಡಿತು. ಇದು ರಾಜ್ಯಶಾಸನದ ಮುದ್ರೆ ಮಾತ್ರವೆಂದೂ ಕಲೆಯ ವಿಚಾರಕ್ಕೆ ಇಲ್ಲಿ ಎಡೆಯಿಲ್ಲವೆಂದೂ ವಾದಿಸಬಹುದು. ಸುತ್ತಿಗೆ ಕುಡುಗೋಲುಗಳು ರಾಜ್ಯದ ಚಿಹ್ನೆಗಳೆಂಬುದು ನಿಜವೇ. ಆದರೆ ಆ ವಾದವು ಅರ್ಧಸತ್ಯ. ಲಾಂಛನದಲ್ಲಿ ಆ ಗಿಡ್ಡ ಪೀಠವು ಕಾಣುವುದಿಲ್ಲ. ಪ್ರತಿಮೆಯು ತೆರೆಯನ್ನೆಲ್ಲ ವ್ಯಾಪಿಸಿ, ಗೋಪುರಕ್ಕೂ ಸಮನಾಗಿ ನಿಲ್ಲುವುದು. ನೆಲದ ಮೇಲೆ ಶಿಲ್ಪಿಯು ಕಳೆದುಕೊಂಡ ಔನ್ನತ್ಯವು ತೆರೆಯ ಮೇಲೆ ಉಳಿಯಿತು. ಲಾಂಛನವು ಸ್ಥಳದ ವಿಷಯದಲ್ಲಿ ಸತ್ಯವನ್ನು ಮೀರಿದರೂ ಶಿಲ್ಪಿಯ ಆಶಯಕ್ಕೆ, ಪೀಠವನ್ನು ಕಟ್ಟಿದವರಿಗಿಂತ, ಹೆಚ್ಚು ನಿಷ್ಠವಾಗಿದ್ದಿತು.

ಸೋವಿಯತ್ ರಾಜ್ಯವು 1991ರಲ್ಲಿ ಅಳಿಯಿತು, ಲಾಂಛನವು ಅಳಿಯಲಿಲ್ಲ. ಜೀರ್ಣವಾಗಿದ್ದ ಪ್ರತಿಮೆಯನ್ನು 2003ರಲ್ಲಿ ಕಳಚಿ, ದುರಸ್ತಿಮಾಡಿ, 2009ರಲ್ಲಿ ಇಯೊಫಾನನ ಮಂಟಪವನ್ನು ಅನುಸರಿಸಿ ಕಟ್ಟಿದ ಹೊಸ ಮಂಟಪದ ಮೇಲೆ ಏರಿಸಿದರು. ಮುಖಿನಾಳು ಬೇಡಿದ ಎತ್ತರವು ಅವಳು ಗತಿಸಿದ 56 ವರ್ಷಗಳ ಮೇಲೆ ಪ್ರತಿಮೆಗೆ ದೊರೆಯಿತು. ಅಷ್ಟು ಕಾಲವೂ ಆ ಎತ್ತರದ ನೆನಪನ್ನು ಕಾಪಾಡಿದುದು ಕೆಲವೇ ಕ್ಷಣಗಳ ಕಾಲ ತೋರಿ ಮರೆಯಾಗುವ ಆ ನಾಂದೀಚಿತ್ರವು.