ಉಚಿತ ಸಾರ್ವಜನಿಕ ವೈಫೈ
ಉಚಿತ ಸಾರ್ವಜನಿಕ ವೈಫೈ ಎಂಬುದು ನಿಲ್ದಾಣ, ಗ್ರಂಥಾಲಯ, ಹೋಟೆಲು ಮೊದಲಾದ ಸ್ಥಳಗಳಲ್ಲಿ ಜನರಿಗೆ ಶುಲ್ಕವಿಲ್ಲದೆ ಒದಗಿಸುವ ನಿಸ್ತಂತು ಅಂತರಜಾಲ ಸಂಪರ್ಕ. ಇದಕ್ಕೆ ಆಧಾರವಾದ 802.11 ತಾಂತ್ರಿಕ ಮಾನಕವು 1997ರಲ್ಲಿ ರೂಪುಗೊಂಡಿತು. ಬೆಂಗಳೂರಿನಲ್ಲಿ 2014ರಲ್ಲಿ ‘ನಮ್ಮ ವೈಫೈ’ ಆರಂಭವಾಯಿತು. ಗೂಗಲ್ ಮತ್ತು ರೈಲ್ವೆಯ ದೂರಸಂಪರ್ಕ ಸಂಸ್ಥೆ ರೈಲ್‌ಟೆಲ್ 2016ರಲ್ಲಿ ಮುಂಬೈ ಸೆಂಟ್ರಲ್‌ನಲ್ಲಿ ತೊಡಗಿದ ಸೇವೆಯು 400ಕ್ಕೂ ಹೆಚ್ಚು ರೈಲು ನಿಲ್ದಾಣಗಳಿಗೆ ಹಬ್ಬಿತು. ಮೊಬೈಲ್ ಡೇಟಾ ಅಗ್ಗವಾದುದನ್ನು ಕಾರಣವಾಗಿ ನೀಡಿ 2020ರಲ್ಲಿ ಗೂಗಲ್ ಹಿಂದೆ ಸರಿಯುವುದಾಗಿ ಪ್ರಕಟಿಸಿತು.

ಹಣದ ಬದಲಿಗೆ ಬಳಕೆದಾರನು ಸಾಮಾನ್ಯವಾಗಿ ಮಾಹಿತಿಯನ್ನು ತೆರುತ್ತಾನೆ. ಪ್ರವೇಶಪುಟವು ಮೊಬೈಲ್ ಸಂಖ್ಯೆಯನ್ನು ಕೇಳಿ ಒಟಿಪಿ, ಅಂದರೆ ಒಮ್ಮೆ ಮಾತ್ರ ಸಲ್ಲುವ ಗುಪ್ತಸಂಖ್ಯೆಯನ್ನು ಕಳುಹಿಸುತ್ತದೆ. ಸಾಧನದ ಗುರುತು, ಸಂಪರ್ಕದ ಸಮಯ ಮತ್ತು ಸ್ಥಳಗಳೂ ದಾಖಲಾಗಿ ಜಾಹೀರಾತಿಗೆ ಒದಗಬಹುದು. ಭಾರತದಲ್ಲಿ ಈ ಗುರುತಿನ ದಾಖಲೆಗೆ ಭದ್ರತೆಯ ಹಿನ್ನೆಲೆಯೂ ಇದೆ: 2008ರಲ್ಲಿ ಭಯೋತ್ಪಾದಕರು ಇತರರ ಅಸುರಕ್ಷಿತ ವೈಫೈ ಮೂಲಕ ಇಮೇಲ್ ಕಳುಹಿಸಿದ ಬಳಿಕ, ದೂರಸಂಪರ್ಕ ಇಲಾಖೆಯು 2009ರಲ್ಲಿ ಬಳಕೆದಾರರ ಗುರುತಿನ ದಾಖಲೆಯನ್ನು ಕಡ್ಡಾಯಗೊಳಿಸಿತು. ಹೀಗಾಗಿ ಕಾನೂನಿಗಾಗಿ ಸಂಗ್ರಹಿಸಿದ್ದು ಯಾವುದು, ವ್ಯಾಪಾರಕ್ಕಾಗಿ ಸಂಗ್ರಹಿಸಿದ್ದು ಯಾವುದು ಎಂಬುದು ಬಳಕೆದಾರನಿಗೆ ಸ್ಪಷ್ಟವಾಗುವುದಿಲ್ಲ.

ನೈತಿಕ ಚರ್ಚೆಯ ಕೇಂದ್ರದಲ್ಲಿರುವುದು ಸಮ್ಮತಿ. ಸಾರ್ವಜನಿಕ ವೈಫೈ ಒದಗಿಸುವ ಬ್ರಿಟನ್ನಿನ ಪರ್ಪಲ್ ಸಂಸ್ಥೆಯು 2017ರಲ್ಲಿ ಶೌಚಾಲಯ ಶುಚಿಗೊಳಿಸುವಿಕೆ ಮುಂತಾದ 1,000 ಗಂಟೆಗಳ ಸಮುದಾಯ ಸೇವೆಯ ಷರತ್ತನ್ನು ಪರೀಕ್ಷಾರ್ಥವಾಗಿ ನಿಯಮಗಳಲ್ಲಿ ಸೇರಿಸಿದಾಗ, ಎರಡು ವಾರಗಳಲ್ಲಿ ಸುಮಾರು 22,000 ಮಂದಿ ಒಪ್ಪಿಗೆ ನೀಡಿದರು. ಷರತ್ತನ್ನು ಗುರುತಿಸಿದವರು ಒಬ್ಬರೇ. ಓದದೆ ಒತ್ತಿದ ಗುಂಡಿಯನ್ನು ಸಮ್ಮತಿಯೆನ್ನುವುದು ಕಷ್ಟ.

ಸುರಕ್ಷತೆಯ ಮಟ್ಟಿಗೆ, ಎಚ್‌ಟಿಟಿಪಿಎಸ್ ಗೂಢಲಿಪೀಕರಣವು ವ್ಯಾಪಕವಾದ ಮೇಲೆ ಕದ್ದು ನೋಡುವ ಅಪಾಯ ಬಹಳ ಕುಗ್ಗಿದೆ. ಆದರೆ ಅಸಲಿ ಹೆಸರನ್ನೇ ಹೊತ್ತ ನಕಲಿ ಜಾಲವು ಸುಳ್ಳು ಪ್ರವೇಶಪುಟ ತೋರಿಸಿ ಗುಪ್ತಪದಗಳನ್ನು ಪಡೆಯುವ ಸಾಧ್ಯತೆ ಉಳಿದಿದೆ.