ಮಹಾವೀರಾಚಾರ್ಯರ ಸಂಖ್ಯಾಮಾಲೆ

ನಮ್ಮ ಶಾಲೆಯು ನೂರು ವರ್ಷಗಳನ್ನು ಪೂರೈಸಿರುವ ಈ ಶುಭಸಂದರ್ಭದಲ್ಲಿ, ನೂರಕ್ಕಿಂತ ಬಹು ದೊಡ್ಡದಾದ, ಆದರೆ ನಮ್ಮ ನೆಲದ ಇತಿಹಾಸಕ್ಕೆ ಹತ್ತಿರವಾದ ಒಂದು ಸಂಖ್ಯೆಯನ್ನು ಓದುಗರ ಮುಂದಿಡಲು ಬಯಸುತ್ತೇವೆ. ಆ ಸಂಖ್ಯೆ 12345654321.

ಭೀಮೆಯನ್ನು ಸೇರುವ ಕಾಗಿಣಾ ನದಿಯ ದಡದ ಮಳಖೇಡವೇ ಅಂದಿನ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನು ಅಲ್ಲಿಂದ ಆಳುತ್ತಿದ್ದನು. ಅವನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವು ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿದೆಯೆಂದು ಸಾರಿತು. ಇಂದು ಗಡಿಯಾಚೆ ಉಳಿದಿರುವ ಅಕ್ಕಲಕೋಟೆ, ಸೊಲ್ಲಾಪುರಗಳ ನಮ್ಮ ನೆಲವೂ ಆ ಎಲ್ಲೆಯೊಳಗೇ ಇತ್ತು. ಅದೇ ಅರಸನನ್ನು ಗ್ರಂಥಾರಂಭದಲ್ಲಿ ಕೊಂಡಾಡಿ, ಜೈನ ವಿದ್ವಾಂಸರಾದ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದರು.

ಗುಣಾಕಾರವನ್ನು ಕಲಿಸುವಾಗ ಆಚಾರ್ಯರು ಕೊಟ್ಟ ಲೆಕ್ಕಗಳು ವಿಶಿಷ್ಟವಾಗಿವೆ. 12345679 ಅನ್ನು 9ರಿಂದ ಗುಣಿಸಿದರೆ 111111111. 142857143 ಅನ್ನು 7ರಿಂದ ಗುಣಿಸಿದರೆ 1000000001. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಇಂತಹ ಗುಣಲಬ್ಧಗಳನ್ನು ಅವರು ಕಂಠಾಭರಣಗಳಿಗೆ ಹೋಲಿಸಿದರು. 27994681 ಅನ್ನು 441ರಿಂದ ಗುಣಿಸಿದಾಗ ದೊರೆಯುವುದೇ ನಮ್ಮ ಸಂಖ್ಯೆ. ಒಂದರಿಂದ ಆರರವರೆಗೆ ಏರಿ, ಅದೇ ಕ್ರಮದಲ್ಲಿ ಇಳಿಯುವ ಹಾರವದು.

ಇದರ ಗುಟ್ಟೇನು? 441 ಎಂಬುದು 21ರ ವರ್ಗ. 27994681 ಎಂಬುದು 5291ರ ವರ್ಗ. 21 ಮತ್ತು 5291ರ ಗುಣಲಬ್ಧ 111111. ಆದ್ದರಿಂದ ನಮ್ಮ ಸಂಖ್ಯೆಯು 111111ರ ವರ್ಗವಾಗಿದೆ. ಪಾಟಿಯ ಮೇಲೆ 111111 ಅನ್ನು ಅದರಿಂದಲೇ ಗುಣಿಸಿ ನೋಡಿ: ಒಂದೊಂದು ಸ್ಥಾನ ಎಡಕ್ಕೆ ಸರಿದ ಆರು ಸಾಲುಗಳು ಮೂಡುತ್ತವೆ. ಕಂಬಸಾಲಿನಲ್ಲಿ ಕೂಡಿದಾಗ ಬಲತುದಿಯಲ್ಲಿ ಒಂದು, ಮುಂದೆ ಎರಡು, ನಡುವೆ ಆರು, ಮತ್ತೆ ಇಳಿಮುಖ. ಒಂಬತ್ತು ಒಂದುಗಳವರೆಗೆ ಈ ಸೊಗಸು ಕೆಡದು. ಹತ್ತನೆಯದು ಸೇರಿದೊಡನೆ ನಡುವಿನ ಮೊತ್ತ ಹತ್ತಾಗಿ, ದಶಕವು ಎಡಕ್ಕೆ ಸಾಗಿ ಹಾರ ಹರಿಯುತ್ತದೆ. 111111ರ ಅವಿಭಾಜ್ಯ ಅಪವರ್ತನಗಳು 3, 7, 11, 13 ಮತ್ತು 37. ಅದರ ವರ್ಗದಲ್ಲಿ ಇವು ಎರಡೆರಡು ಬಾರಿ ಬರುವುದರಿಂದ ನಮ್ಮ ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು 243.

ಈ ವಿದ್ಯೆ ಭಾಷೆಯ ಗಡಿಗಳನ್ನು ದಾಟಿತು. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಗ್ರಂಥವನ್ನು ತೆಲುಗಿಗೆ ತಂದನು. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ಕನ್ನಡದಲ್ಲೇ ‘ವ್ಯವಹಾರಗಣಿತ’ವನ್ನು ಬರೆದನು. 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ‘ಗಣಿತಸಾರಸಂಗ್ರಹ’ವನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು.

ಕನ್ನಡದಲ್ಲಿ ಗಣಿತ ಕಲಿತ ಮಕ್ಕಳು ಹಿಂದುಳಿಯುವರೇ ಎಂದು ಪಾಲಕರು ನಮ್ಮನ್ನು ಕೇಳುವುದುಂಟು. ಆ ಆತಂಕ ಸಹಜವಾದುದು. ಅದನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ವರ್ಗ, ವರ್ಗಮೂಲ, ಘನ, ಭಾಗಹಾರ ಎಂದು ನಮ್ಮ ತರಗತಿಗಳಲ್ಲಿ ಮಕ್ಕಳು ಉಚ್ಚರಿಸುವ ಪದಗಳು ಸಾವಿರ ವರ್ಷಗಳಿಗೂ ಹಿಂದೆ ಆಚಾರ್ಯರು ಬಳಸಿದ ಪದಗಳೇ. ಆ ಮಾಲೆಯ ಎಳೆ ನಮ್ಮ ಕೈಯಲ್ಲಿ ಹರಿಯದಿರಲಿ ಎಂಬುದೇ ಶತಮಾನೋತ್ಸವದ ನಮ್ಮ ಹಾರೈಕೆ.