ಬಿನ್ ಮುಂದಿನ ಖಾಲಿ ಜಾಗ

ನಮ್ಮ ಕೇರಿಯಲ್ಲಿ ಎಲ್ಲರೂ ಹುಟ್ಟಿದ್ದು ಜೂನ್ 1ನೇ ತಾರೀಖು. ಅಪ್ಪ ಜೂನ್ 1, ಕಾಕಾ ಜೂನ್ 1, ಎದುರು ಮನೆಯ ಅಕ್ಕ ಜೂನ್ 1. ನಮ್ಮ ಅವ್ವಂದಿರು ಸಾಲೀ ಗಂಟೆ ಬಾರಿಸುವ ತನಕ ಹೊಟ್ಟೆ ಹಿಡಿದು ಕಾದು ಕೂತಿದ್ದರೇನು? ಅಲ್ಲ. ಹುಡುಗನನ್ನು ಸಾಲಿಗೆ ಹಾಕಲು ಹೋದಾಗ ಮಾಸ್ತರರು ಕೇಳಿದರು, 'ಯಾವಾಗ ಹುಟ್ಟ್ಯಾನು?' ಅಜ್ಜ ಹೇಳಿದ, 'ಸುಗ್ಗಿಯೊಳಗ್ರೀ.' ಮಾಸ್ತರರು ಜೂನ್ 1 ಅಂತ ಬರೆದು ಮುಂದಿನವನನ್ನು ಕರೆದರು. ಸುಗ್ಗಿ ಕಾಗದಕ್ಕೆ ಬರಲೇ ಇಲ್ಲ.

ಹೀಗೆ ಬರೆಸಿಕೊಂಡವರ ಮಕ್ಕಳು ನಾವು. ಅಣ್ಣತಮ್ಮಂದಿರ ಮಕ್ಕಳು ಮೂವರು. ನಮ್ಮ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರಲ್ಲಿ ಮೊದಲಿಗರು. ಬಿ.ಎ.ಗೆ ಇತಿಹಾಸ ಓದಿದೆವು. ಚಾಲುಕ್ಯರ ವಂಶಾವಳಿ ಬಾಯಿಪಾಠ ಮಾಡಿ ಅಂಕ ತೆಗೆದುಕೊಂಡೆವು. ಇಮ್ಮಡಿ ಪುಲಿಕೇಶಿಯ ಅಪ್ಪ ಯಾರು ಅಂದರೆ ನಿದ್ದೆಗಣ್ಣಿನಲ್ಲೂ ಹೇಳುತ್ತಿದ್ದೆವು. ನಿಮ್ಮ ಮುತ್ತಜ್ಜನ ಅಪ್ಪ ಯಾರು ಅಂತ ಒಬ್ಬ ಗೆಳೆಯ ಕೇಳಿದಾಗ ಮೂವರ ಬಾಯಿಯೂ ಕಟ್ಟಿತು. ಅವತ್ತಿನಿಂದ ಹುಡುಕಲು ಶುರುಮಾಡಿದೆವು.

ಮೊದಲು ಕೇಳಿದ್ದು ಆಯಿಯನ್ನು. ಮುತ್ತಜ್ಜ ಆಕೆಗೆ ಮಾವ. ಆಕೆ ಹೇಳಿದ್ದು ಇಷ್ಟು: 'ಬರಗಾಲದಾಗ ಹುಟ್ಟಿದಾಂವ ಅಂತಿದ್ರು. ಹುಕ್ಕೇರಿ ಕಡೆಯವ. ಗೋಕಾಕ ಗಿರಣಿ ಭೋಂಗಾ ಸುರು ಆದ ವರ್ಷ ಬಂದು ಅಲ್ಲಿ ಕಲ್ಲ ಹೊತ್ತ. ಆಮ್ಯಾಲೆ ಮೂಡಲಗಿ ಕಡೆ ಬಂದ, ಇಲ್ಲೇ ಮಣ್ಣಾದ. ಅವನ ಅಪ್ಪ ಯಾರಂತ ನಾವು ಕೇಳಲಿಲ್ಲ, ಅಂವಾ ಹೇಳಲಿಲ್ಲ.'

ಓದು ಬಾರದ ಆಯಿ ಕೊಟ್ಟ ಈ ನಾಲ್ಕು ಮಾತೇ ನಮ್ಮ ಮೊದಲ ದಾಖಲೆ. ಗೋಕಾಕದ ಗಿರಣಿ ಶುರುವಾದದ್ದು 1887ರಲ್ಲಿ. ಬರ ಅಂದರೆ ಯಾವ ಬರ? ನಮ್ಮ ಸೀಮೆಯಲ್ಲಿ 1876-78ರ ದೊಡ್ಡ ಬರ ಇದೆ, 1896-97ರದ್ದಿದೆ, 1899-1900ರದ್ದಿದೆ. 1887ರಲ್ಲಿ ಕಲ್ಲು ಹೊತ್ತವನು 1896ರಲ್ಲಿ ಹುಟ್ಟಲು ಸಾಧ್ಯವಿಲ್ಲ. ಹಾಗಾದರೆ ಮೊದಲನೆಯ ಬರವೇ ಸರಿ. ಲೆಕ್ಕ ಹಾಕಿ ನೋಡಿ. ಕಲ್ಲು ಹೊತ್ತಾಗ ಅವನಿಗೆ ಹತ್ತು ವರ್ಷದ ಆಸುಪಾಸು. ಇದರಲ್ಲಿ ಆಶ್ಚರ್ಯ ಏನಿಲ್ಲ. ಬ್ರಿಟಿಷರ 1881ರ ಕಾರ್ಖಾನೆ ಕಾಯ್ದೆಯ ಪ್ರಕಾರ ಏಳು ವರ್ಷ ತುಂಬಿದ ಮಗುವನ್ನು ಕಾರ್ಖಾನೆಯ ಕೆಲಸಕ್ಕೆ ಹಚ್ಚಬಹುದಿತ್ತು. 1891ರಲ್ಲಿ ಅದು ಒಂಬತ್ತಾಯಿತು. ಹುಟ್ಟಿದ ತಾರೀಖು ಇಲ್ಲದ ಮಗುವಿಗೆ ಏಳು ತುಂಬಿದೆಯೋ ಇಲ್ಲವೋ ಅನ್ನುವುದನ್ನು ಯಾರು ಹೇಳಬೇಕು?

ಆಮೇಲೆ ಕಾಗದಗಳ ಹಿಂದೆ ಬಿದ್ದೆವು. ಆಗ ಹುಕ್ಕೇರಿ ಚಿಕ್ಕೋಡಿ ತಾಲೂಕಿನೊಳಗಿತ್ತು. ಮೂಡಲಗಿ ಮೊನ್ನೆ ಮೊನ್ನೆಯವರೆಗೂ ಗೋಕಾಕ ತಾಲೂಕಿನೊಳಗಿತ್ತು, ಈಗ ಅದೇ ಒಂದು ತಾಲೂಕು. ಮನುಷ್ಯ ಒಬ್ಬನೇ, ನಡೆದ ದಾರಿ ಒಂದೇ. ಅವನ ಕಾಗದ ಮಾತ್ರ ಬೇರೆ ಬೇರೆ ಕಪಾಟುಗಳಲ್ಲಿ. ಕೆಲವು ಮೋಡಿ ಲಿಪಿಯಲ್ಲಿ, ಕೆಲವು ಗೆದ್ದಲಿನ ಹೊಟ್ಟೆಯಲ್ಲಿ. ಒಂದು ಕಚೇರಿಯ ಸಾಹೇಬರು ನಮ್ಮನ್ನು ಮೇಲಿಂದ ಕೆಳಗೆ ನೋಡಿ, 'ಜಮೀನು ಇದ್ದವರು ಹಳೇ ಉತಾರ ಕೇಳತಾರ, ನಿಮಗ್ಯಾಕ್ರೋ ಇದು?' ಅಂದರು. ಗೆಳೆಯರೆ, ಆ ಪ್ರಶ್ನೆಯಲ್ಲೇ ಉತ್ತರವಿದೆ. ದಾಖಲೆ ಅನ್ನುವುದು ಇದ್ದವರ ಮನೆಯ ನಾಯಿ. ಇಲ್ಲದವರನ್ನು ಕಂಡರೆ ಬೊಗಳುತ್ತದೆ.

1872ರಿಂದ ಸರಕಾರ ಜನಗಣತಿ ಮಾಡಿದೆ. ನಮ್ಮವರ ತಲೆಗಳನ್ನು ಎಣಿಸಿದೆ. ಎಣಿಕೆ ಉಳಿಯಿತು, ಹೆಸರು ಬರೆದ ಹಾಳೆಗಳನ್ನು ಉಳಿಸಲಿಲ್ಲ. 1884ರಲ್ಲಿ ಬೆಳಗಾವಿ ಜಿಲ್ಲೆಯ ಗೆಜೆಟಿಯರ್ ಬಂತು. ಹೊಲೆಯರು, ಮಾದಿಗರು, ಸಮಗಾರರು ಅಂತ ವಿಂಗಡಿಸಿ ಏನು ತಿನ್ನುತ್ತಾರೆ, ಏನು ಉಡುತ್ತಾರೆ ಅಂತ ಬರೆದರು. ಹಕ್ಕಿ, ಮರಗಳ ಬಗ್ಗೆ ಬರೆದ ಹಾಗೆ ಬರೆದರು. ಅಲ್ಲಿ ಜಾತಿ ಇದೆ, ಮನುಷ್ಯ ಇಲ್ಲ.

1874ರ ವತನ ಕಾಯ್ದೆಯ ಕಾಗದಗಳನ್ನು ಹುಡುಕಿದೆವು. ಊರ ಚಾಕರಿಗೆ ಪ್ರತಿಯಾಗಿ ಕೊಟ್ಟ ತುಂಡು ಹೊಲದ ಮುಂದೆ ಹೆಸರಿಲ್ಲ, 'ಸಮಸ್ತ' ಅಂತಿದೆ. ಸಮಸ್ತ ಹೊಲೆಯರು, ಸಮಸ್ತ ಮಹಾರರು. ಇಡೀ ಕೇರಿಯನ್ನು ಒಂದೇ ಶಬ್ದದಲ್ಲಿ ಕಟ್ಟಿ ಹಾಕಿದರು. ಊರಿನ ಸಾವಿನ ಸುದ್ದಿ ಹೊತ್ತು ಹಳ್ಳಿ ಹಳ್ಳಿ ಓಡಿದವರು ನಮ್ಮವರು. ಊರಿನ ಹುಟ್ಟು-ಸಾವನ್ನು ಚಾವಡಿಗೆ ಮುಟ್ಟಿಸಿದವರು ನಮ್ಮವರು. ಅವರ ಹುಟ್ಟಿನ ಸುದ್ದಿ ಹೊತ್ತು ಓಡಲು ಯಾರೂ ಇರಲಿಲ್ಲ.

ಸಾಲೆಯ ದಾಖಲೆಯಲ್ಲಿ ಸಿಗಬಹುದು ಅಂದುಕೊಂಡೆವು. ಸಿಗುವುದು ಹೇಗೆ? ಈ ಜಾಗದಲ್ಲಿ ನಮ್ಮ ಇನ್ನೊಬ್ಬ ಪೂರ್ವಜನ ಮಾತು ಹೇಳಲೇಬೇಕು.

1856ರ ಜೂನ್ ತಿಂಗಳು. ಧಾರವಾಡದ ಸರಕಾರಿ ಸಾಲೆಗೆ ಒಬ್ಬ ಮಹಾರ ಹುಡುಗನನ್ನು ಸೇರಿಸಿಕೊಳ್ಳಲಿಲ್ಲ. ಆ ಹುಡುಗ ಸುಮ್ಮನೆ ಮನೆಗೆ ಹೋಗಲಿಲ್ಲ, ಅರ್ಜಿ ಮುಂಬೈ ಸರಕಾರದ ತನಕ ಹೋಯಿತು. ಜುಲೈ 21ರಂದು ಸರಕಾರ ಉತ್ತರ ಕೊಟ್ಟಿತು. ನ್ಯಾಯ ಈ ಹುಡುಗನ ಕಡೆಗಿದೆ ಅಂತ ಒಪ್ಪಿಕೊಂಡಿತು. ಆದರೆ ಒಬ್ಬಿಬ್ಬರಿಗಾಗಿ ಉಳಿದವರೆಲ್ಲ ಸಾಲೆ ಬಿಟ್ಟು ಹೋಗುವಂತೆ ಮಾಡಲಾಗದು ಅಂತ ಬಾಗಿಲು ಹಾಕಿತು. ಮರುವರ್ಷ ಜನವರಿಯಲ್ಲಿ ಕಲಕತ್ತೆಯ ಸರಕಾರ, ಬಂಗಾಳದಲ್ಲಾಗಿದ್ದರೆ ಹೀಗೆ ನಿರಾಕರಿಸುತ್ತಿರಲಿಲ್ಲ ಅಂತ ಬರೆಯಿತು. 1858ರ ಏಪ್ರಿಲ್ 28ರಂದು ಲಂಡನ್ನಿನ ಕಂಪನಿ ನಿರ್ದೇಶಕರು ಸರಕಾರಿ ಸಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕು ಅಂತ ಹೇಳಿದರು. ಧಾರವಾಡ, ಮುಂಬೈ, ಕಲಕತ್ತೆ, ಲಂಡನ್. ಒಬ್ಬ ಹುಡುಗನ ಪ್ರಶ್ನೆ ಸಮುದ್ರ ದಾಟಿ ಬಂತು. 1928ರಲ್ಲಿ ಬಾಬಾಸಾಹೇಬ ಅಂಬೇಡ್ಕರ್ ಅವರು ಸೈಮನ್ ಆಯೋಗಕ್ಕೆ ಕೊಟ್ಟ ಹೇಳಿಕೆಯಲ್ಲಿ ಈ ಪ್ರಕರಣವನ್ನು ಮತ್ತೆ ಬೆಳಕಿಗೆ ತಂದರು. ಅಲ್ಲಿ ಎತ್ತಿಕೊಟ್ಟ ಸರಕಾರಿ ಬರಹದಲ್ಲಿ ಅವನು ಬರೀ 'ಒಬ್ಬ ಮಹಾರ ಹುಡುಗ'. ಹೆಸರಿಲ್ಲ, ಊರಿಲ್ಲ, ಅಪ್ಪ-ಅವ್ವ ಇಲ್ಲ. ಅವನಿಂದಾಗಿ ಎಷ್ಟೋ ಸಾಹೇಬರು ರುಜು ಹಾಕಿದರು. ಅವನ ಹೆಸರು ಮಾತ್ರ ಆ ರುಜುಗಳ ನಡುವೆ ಉಳಿಯಲಿಲ್ಲ.

ಬಾಗಿಲು ಕಾಗದದ ಮೇಲೆ ತೆರೆಯಿತು. ನಮ್ಮ ಮುತ್ತಜ್ಜನ ಕಾಲಕ್ಕೂ ಅದು ಕಾಗದದ ಮೇಲೆಯೇ ಇತ್ತು. 1925ರಲ್ಲಿ ನಮ್ಮ ಜಿಲ್ಲೆಯ ನಿಪ್ಪಾಣಿಗೆ ಬಾಬಾಸಾಹೇಬರು ಬಂದು ಬಹಿಷ್ಕೃತರ ಪರಿಷತ್ತಿನ ಅಧ್ಯಕ್ಷತೆ ವಹಿಸಿದರು. 1928ರಲ್ಲಿ ಮುಂಬೈ ಶಾಸನಸಭೆಯಲ್ಲಿ ವತನದ ಬಿಟ್ಟಿ ಚಾಕರಿಯಿಂದ ನಮ್ಮವರನ್ನು ಬಿಡಿಸುವ ಮಸೂದೆ ತಂದರು. ಆಮೇಲೆಯೇ ನಮ್ಮ ಅಜ್ಜ ಮೂರು ಇಯತ್ತೆ ಕಲಿತದ್ದು, ಅದೂ ಹೊರಗಿನ ಕಟ್ಟೆಯ ಮೇಲೆ ಕೂತು. ಅಜ್ಜನ ದಾಖಲೆಯಲ್ಲಿ ಮುತ್ತಜ್ಜನ ಹೆಸರು ಸಿಕ್ಕಿತು. ಮುತ್ತಜ್ಜನ ಹಿಂದೆ ಗೋಡೆ.

ಗೋಡೆ ಒಡೆದದ್ದು ಹುಕ್ಕೇರಿ ಸೀಮೆಯ ಒಂದು ಹಳ್ಳಿಯ ಹಳೇ ಪಟ್ಟಿಯಲ್ಲಿ. ವತನ ಚಾಕರಿ ಪಾಳಿಯ ಪ್ರಕಾರ ನಡೆಯುತ್ತಿತ್ತು. 'ಸಮಸ್ತ' ಅಂತ ಬರೆದವರಿಗೂ ಇವತ್ತು ಯಾರನ್ನು ದುಡಿಸಬೇಕು ಅಂತ ಗೊತ್ತಿರಬೇಕಲ್ಲ, ಅದಕ್ಕೆ ಹೆಸರು ಬೇಕಾಯಿತು. ಪಾಳಿಯವರ ಆ ಪಟ್ಟಿಯಲ್ಲಿ ಮುತ್ತಜ್ಜನ ಹೆಸರಿತ್ತು. ಷರಾ ಅಂಕಣದಲ್ಲಿ 'ಗೋಕಾಕದಲ್ಲಿ ಇರುತ್ತಾನೆ' ಅಂತಿತ್ತು. ನಮ್ಮ ಕೈ ನಡುಗಿತು. ಹೆಸರಿನ ಮುಂದೆ 'ಬಿನ್' ಅಂತಿತ್ತು. ಬಿನ್ ಅಂದರೆ ಇಂಥವನ ಮಗ. ಮೇಲಿನ ಕೆಳಗಿನ ಎಲ್ಲ ಸಾಲುಗಳಲ್ಲಿ ಬಿನ್ ಮುಂದೆ ಗಂಡಸಿನ ಹೆಸರು. ಈ ಒಂದು ಸಾಲಿನಲ್ಲಿ ಹೆಣ್ಣಿನ ಹೆಸರು. ಆಕೆಯದು ಸವದತ್ತಿಯ ತಾಯಿಯ ಹೆಸರೇ.

ನಮ್ಮ ಕಡೆ ಇದರ ಅರ್ಥ ಯಾರೂ ಬಿಡಿಸಿ ಹೇಳಬೇಕಿಲ್ಲ. ಹುಡುಗಿಗೆ ಮುತ್ತು ಕಟ್ಟಿ ಎಲ್ಲಮ್ಮನ ಹೆಸರಿನಲ್ಲಿ ಬಿಟ್ಟರೆ ಆಕೆಯ ಮಗು ಆಕೆಯ ಹೆಸರಿನಿಂದಲೇ ಗುರುತಾಗುತ್ತಿತ್ತು. ಮುತ್ತು ಕಟ್ಟುವುದು ಕೇರಿಯ ಹುಡುಗಿಗೆ, ಭೋಗ ಊರಿನವರಿಗೆ. ಹೆಸರು ಹೇಳದ ಅಪ್ಪ ಅದೇ ಊರಿನಲ್ಲಿ ಮೀಸೆ ತಿರುವಿಕೊಂಡು ಕೂತಿರುತ್ತಿದ್ದ. ಇದನ್ನು ತಡೆಯಲು ಮುಂಬೈ ಪ್ರಾಂತದಲ್ಲಿ 1934ರಲ್ಲಿ ಕಾಯ್ದೆ ಬಂತು, ಕರ್ನಾಟಕದಲ್ಲಿ 1982ರಲ್ಲಿ ಬಂತು. ಆ ಹೆಣ್ಣುಮಗಳಿಗೆ ಎರಡೂ ದಕ್ಕಲಿಲ್ಲ.

ಸುದ್ದಿ ಮನೆಗೆ ತಂದಾಗ ಕೇರಿಯ ಹಿರಿಯರು ಕೂತು ಹೇಳಿದರು, 'ಓದಿದ ಹುಡುಗರು ಮರ್ಯಾದಿ ತರತಾರಂತ ಮಾಡಿದ್ವಿ. ಇದನ್ನ ಇಲ್ಲೇ ಹುಗಿದು ಬಿಡ್ರಿ. ಹೊರಗ ಹೇಳಿದ್ರ ನಾಳೆ ಹುಡುಗಿ ಕೊಡೂದಿಲ್ಲ, ತರೂದಿಲ್ಲ.' ಅವರ ಭಯ ಸುಳ್ಳಲ್ಲ. ಕಾಲೇಜಿನ ಅರ್ಜಿಯಲ್ಲಿ 'ತಂದೆಯ ಹೆಸರು' ಅನ್ನುವ ಜಾಗ ಖಾಲಿ ಬಿಟ್ಟ ಗೆಳತಿ ಕಿಟಕಿಯ ಮುಂದೆ ನಿಂತು ಏನೇನು ಕೇಳಿಸಿಕೊಂಡಳು ಅನ್ನುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ನಾವು ತಲೆ ತಗ್ಗಿಸಿ ಕೂತೆವು. ಬಾಗಿಲಲ್ಲಿ ಕೂತಿದ್ದ ಆಯಿ ಅಂದಳು, 'ಬರದಾಗ ಅಕ್ಕಿ ಆ ಕೂಸಿನ್ನ ಜ್ವಾಕಿ ಮಾಡಲಿಲ್ಲಂದ್ರ ಇವತ್ತ ಮರ್ಯಾದಿ ಮಾತಾಡಾಕ ನೀವ್ಯಾರೂ ಇರತಿರಲಿಲ್ಲ.' ಹಿರಿಯರು ಎದ್ದು ಹೋದರು. ನಾವು ಇದನ್ನು ಬರೆಯಲು ಕೂತೆವು.

ಮುತ್ತಜ್ಜ ಹುಟ್ಟಿದ ದಿನ ನಮಗೆ ಸಿಗಲಿಲ್ಲ, ಅಪ್ಪ ಸಿಗಲಿಲ್ಲ. ಅವ್ವ ಸಿಕ್ಕಳು. ಜನ ಸತ್ತು ಬೀಳುತ್ತಿದ್ದ ಆ ಬರದಲ್ಲಿ ಗಂಡಿಲ್ಲದ, ಹೊಲವಿಲ್ಲದ ಒಬ್ಬ ಹೆಣ್ಣುಮಗಳು ಒಂದು ಕೂಸನ್ನು ಉಳಿಸಿದಳು. ನಮ್ಮ ವಂಶ ಶುರುವಾಗುವುದು ಅಲ್ಲಿಂದ. ನಾಚಿಕೆ ಪಡಬೇಕಾದವರು ಹೆಸರು ಹೇಳದೆ ಹೋದವರು, ಹೆಸರು ಕೊಟ್ಟವಳಲ್ಲ.

ಹಳ್ಳಿಯ ಮಾಸ್ತರರೆ, ಅಕ್ಕೋರೆ, ಕಡೆಯ ಮಾತು ನಿಮಗೆ. 1900ರ ನವೆಂಬರ್ 7ರಂದು ಸಾತಾರೆಯ ಸರಕಾರಿ ಸಾಲೆಯ ರಜಿಸ್ಟರಿನಲ್ಲಿ ಭೀವಾ ಅನ್ನುವ ಹುಡುಗನ ಹೆಸರು ಬರೆದರು. ಅವನು ಬಾಬಾಸಾಹೇಬನಾದ. ಮಹಾರಾಷ್ಟ್ರದಲ್ಲಿ ಆ ದಿನವನ್ನು ವಿದ್ಯಾರ್ಥಿ ದಿನ ಅಂತ ಆಚರಿಸುತ್ತಾರೆ. ಒಂದು ಸಾಲಿನ ಬೆಲೆ ಇಷ್ಟು. ನಿಮ್ಮ ಸಾಲೆಯ ಕಪಾಟಿನಲ್ಲಿ ಹಳೇ ಜನರಲ್ ರಜಿಸ್ಟರು ಗೆದ್ದಲು ತಿನ್ನುತ್ತಿದ್ದರೆ ಹೊರಗೆ ತೆಗೆದು ಬಿಸಿಲಿಗೆ ಹಾಕಿರಿ. ಕೇರಿಯ ಹುಡುಗರು ನೋಡಲು ಬಂದರೆ ಯಾಕೆ ಅಂತ ಕೇಳಬೇಡಿರಿ. ಅವ್ವ ಒಬ್ಬಳೇ ಮಗುವನ್ನು ಕರೆತಂದರೆ ಆಕೆಯ ಹೆಸರನ್ನು ಪೂರ್ತಿ ಬರೆಯಿರಿ.

ವಿದ್ಯಾರ್ಥಿ ಗೆಳೆಯರೆ, ಇವತ್ತು ರಾತ್ರಿ ನಿಮ್ಮ ಆಯಿಯ ಹತ್ತಿರ ಕೂಡ್ರಿರಿ. ತಾರೀಖು ಕೇಳಬೇಡಿರಿ, ಬರ ಕೇಳಿರಿ, ಪ್ಲೇಗು ಕೇಳಿರಿ, ಹೊಳೆ ಬಂದದ್ದು ಕೇಳಿರಿ. ಕಚೇರಿಗೆ ಹೋದರೆ ಷರಾ ಅಂಕಣ ಬಿಡಬೇಡಿರಿ. ನಮ್ಮವರು ಅಲ್ಲೇ ಮೂಲೆಯಲ್ಲಿ ನಿಂತಿರುತ್ತಾರೆ.

ಧಾರವಾಡದ ಆ ಹುಡುಗನಿಗೆ ಬಿನ್ ಮುಂದೆ ಬರೆಯಲು ಯಾರೂ ಏನೂ ಉಳಿಸಲಿಲ್ಲ. ನಮ್ಮ ಮೂವರ ಮನೆಯಲ್ಲಿ ಈಗ ಒಂದು ವಂಶಾವಳಿ ಇದೆ, ವಹಿಯ ಹಾಳೆಯ ಮೇಲೆ ಬರೆದದ್ದು. ತುದಿಯಲ್ಲಿ ಹುಕ್ಕೇರಿ ಸೀಮೆಯ ಆ ಅವ್ವ. ಪಕ್ಕದಲ್ಲಿ ಹೆಸರಿಲ್ಲದೆ 1856 ಅಂತ ಬರೆದು ಒಂದು ಗೆರೆ ಎಳೆದಿದ್ದೇವೆ. ಆ ಗೆರೆ ನಮ್ಮ ತನಕ ಬರುತ್ತದೆ.